ಟಿವಿ ಕೆಳಗೊಂದು ಪುಟ್ಟ ಗೇಮಿಂಗ್ ಪಿಸಿ: ತಗೊಳ್ಳಬೇಕಾ, ಬೇಡವಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ದಾವಣಗೆರೆ. ಹಾಲ್‌ನಲ್ಲಿ 55 ಇಂಚಿನ 4ಕೆ ಟಿವಿ ಇದೆ, 60 ಹರ್ಟ್ಜ್. ಅದರ ಕೆಳಗೆ ಗಾಜಿನ ಬಾಗಿಲಿನ ಶೋಕೇಸ್. ಅದರೊಳಗೆ ಪಿಎಸ್4 (ಪ್ಲೇಸ್ಟೇಷನ್ 4, ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್) ಇಟ್ಟಿದ್ದೆವು. ವರ್ಷಗಟ್ಟಲೆ ಚೆನ್ನಾಗಿ ಓಡಿತು. ಕಳೆದ ಬೇಸಿಗೆಯಲ್ಲಿ ಆಡುತ್ತಿದ್ದ ಹಾಗೇ ಆಫ್ ಆಗಲು ಶುರುವಾಯಿತು, ಈಗ ಆನ್ ಆಗುವುದೇ ಇಲ್ಲ. ಮಗ 8ನೇ ಕ್ಲಾಸ್, ಫುಟ್‌ಬಾಲ್ ಎಫ್‌ಸಿ ಮತ್ತು ಕ್ರಿಕೆಟ್ ಗೇಮ್ ಹುಚ್ಚು. ನಾನು ರಾತ್ರಿ ಊಟ ಆದ ಮೇಲೆ ಸ್ವಲ್ಪ ಹೊತ್ತು ಜಿಟಿಎ, ಕಾರ್ ರೇಸ್ ಆಡ್ತೀನಿ. ಮಗಳು ಸೆಕೆಂಡ್ ಪಿಯುಸಿ, ಮುಂದೆ ಎಂಜಿನಿಯರಿಂಗ್. ಬೆಂಗಳೂರಿನಲ್ಲಿರುವ ನನ್ನ ಭಾಮೈದ ಹೇಳೋದು: 'ಪಿಎಸ್5 ಯಾಕೆ ಭಾವ, ಟಿವಿ ಕೆಳಗೆ ಇಡೋ ಪುಟ್ಟ ಗೇಮಿಂಗ್ ಪಿಸಿ ತಗೊಳ್ಳಿ, ಕನ್ಸೋಲ್ ಥರಾನೇ ಇರುತ್ತೆ, ಮಗಳ ಓದಿಗೂ ಆಗುತ್ತೆ.' ಅಲ್ಲಿನ ಕಂಪ್ಯೂಟರ್ ಮಾರ್ಕೆಟ್ ಎಸ್‌ಪಿ ರೋಡ್‌ನಲ್ಲಿ ಕೇಳಿಸಿದಾಗ ಶೂ ಬಾಕ್ಸ್ ಗಾತ್ರದ ಕ್ಯಾಬಿನೆಟ್, ರೈಜೆನ್ 5 7600 ಪ್ರೊಸೆಸರ್, ಆರ್‌ಟಿಎಕ್ಸ್ 5060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, 1 ಟಿಬಿ ಎಸ್ಎಸ್‌ಡಿ ಎಲ್ಲ ಸೇರಿ 1,24,000 ಅಂದರು. ಇಲ್ಲಿನ ಅಂಗಡಿಯವರು 'ಚಿಕ್ಕ ಡಬ್ಬ ಬಿಸಿ ಆಗಿ ಒಂದೇ ವರ್ಷಕ್ಕೆ ಸುಟ್ಟುಹೋಗುತ್ತೆ, ದೊಡ್ಡ ಕ್ಯಾಬಿನೆಟ್ ಮಾಡಿಸಿ' ಅಂತಾರೆ. ನನ್ನ ಹೆಂಡತಿಗೆ ಹಾಲ್‌ನಲ್ಲಿ ಮಿಣಮಿಣ ಲೈಟು, ಗೊರ್ ಅನ್ನೋ ಸದ್ದು ಎರಡೂ ಬೇಡ. ಸ್ಟೀಮ್ ಮಷೀನ್ ಅಂತ ಒಂದು ಬರುತ್ತಂತೆ, ಅದಕ್ಕೆ ಕಾಯೋದಾ? ಸುಮ್ನೆ ದುಡ್ಡು ದಂಡ ಆಗಬಾರದು.

ಉತ್ತರ: ಮೊದಲು ನೇರವಾಗಿ ಹೇಳಿಬಿಡ್ತೀನಿ, ವಿವರ ಆಮೇಲೆ. ಪುಟ್ಟ ಗೇಮಿಂಗ್ ಪಿಸಿ ಕೆಟ್ಟ ವಸ್ತು ಅಲ್ಲ. ಒಂದೇ ವರ್ಷಕ್ಕೆ ಸುಡುವುದೂ ಇಲ್ಲ. ಆದರೆ ನೀವು ಬರೆದಿರುವ ಮನೆಗೆ ಅದು ಹೊಂದುವುದಿಲ್ಲ. ಅದಕ್ಕೆ ಕಾರಣ ಬಿಸಿ ಅಲ್ಲ, ನಿಮ್ಮ ಮಗಳು. ಅಲ್ಲಿಗೆ ಬರ್ತೀನಿ.

ಬಿಸಿ ವಿಷಯ ಮೊದಲು ಮುಗಿಸೋಣ, ಯಾಕಂದ್ರೆ ಎಲ್ಲರ ತಲೆಯಲ್ಲೂ ಅದೇ ಕೂತಿದೆ. ಕಂಪ್ಯೂಟರ್ ಎಷ್ಟು ಕರೆಂಟ್ ಎಳೆಯುತ್ತೋ ಹೆಚ್ಚುಕಡಿಮೆ ಅಷ್ಟೂ ಬಿಸಿಯಾಗಿ ಹೊರಗೆ ಬರುತ್ತದೆ. ನಿಮಗೆ ಹೇಳಿರುವ ಪಿಸಿ ಗೇಮ್ ಆಡುವಾಗ 250ರಿಂದ 280 ವಾಟ್ ಎಳೆಯಬಹುದು. ಆರ್‌ಟಿಎಕ್ಸ್ 5060 ಕಾರ್ಡ್ ಒಂದೇ 145 ವಾಟ್. ಈ ಭಾಗಗಳನ್ನು ದೊಡ್ಡ ಕ್ಯಾಬಿನೆಟ್‌ಗೆ ಹಾಕಿದರೂ ಅಷ್ಟೇ ಬಿಸಿ, ಶೂ ಬಾಕ್ಸ್‌ಗೆ ಹಾಕಿದರೂ ಅಷ್ಟೇ. ಚಿಕ್ಕ ಡಬ್ಬದಿಂದ ಹಾಲ್ ಜಾಸ್ತಿ ಬಿಸಿ ಆಗುತ್ತೆ ಅನ್ನುವುದು ಸುಳ್ಳು. ವ್ಯತ್ಯಾಸ ಇರುವುದು ಆ ಬಿಸಿ ಗಾಳಿ ಎಷ್ಟು ಸಲೀಸಾಗಿ ಹೊರಗೆ ಹೋಗುತ್ತೆ ಅನ್ನುವುದರಲ್ಲಿ. ಒಳ್ಳೆಯ ಚಿಕ್ಕ ಕ್ಯಾಬಿನೆಟ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ನೇರವಾಗಿ ತೂತಿನ ತಗಡಿನ ಪಕ್ಕ ಕೂತಿರುತ್ತದೆ. ಹೊರಗಿನ ತಣ್ಣನೆ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಎಷ್ಟೋ ಸಲ ಅಗ್ಗದ ದೊಡ್ಡ ಗಾಜಿನ ಕ್ಯಾಬಿನೆಟ್‌ಗಿಂತ ಇದೇ ತಣ್ಣಗಿರುತ್ತದೆ.

ಇನ್ನು ಸುಟ್ಟುಹೋಗುವ ಮಾತು. ಈಗಿನ ಪ್ರೊಸೆಸರ್‌ಗಳು ಬಿಸಿ ಜಾಸ್ತಿ ಆದರೆ ತಾವೇ ವೇಗ ಇಳಿಸಿಕೊಳ್ಳುತ್ತವೆ. ರೈಜೆನ್ 7600ಕ್ಕೆ 95 ಡಿಗ್ರಿ ಮಿತಿ ಇದೆ, ಅದಕ್ಕಿಂತ ಮೇಲೆ ಹೋಗಲು ಅದೇ ಬಿಡುವುದಿಲ್ಲ. ಗ್ರಾಫಿಕ್ಸ್ ಕಾರ್ಡೂ ಹಾಗೇ. ಬಿಸಿಗೆ ನಿಜವಾಗಿ ಸೋಲುವುದು ಪವರ್ ಸಪ್ಲೈ, ಬೋರ್ಡ್ ಮೇಲಿನ ಕೆಪ್ಯಾಸಿಟರ್‌ಗಳು. 10 ಡಿಗ್ರಿ ಜಾಸ್ತಿ ಆದರೆ ಕೆಪ್ಯಾಸಿಟರ್ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ನಮ್ಮ ಕಸುಬಿನ ಹಳೇ ಲೆಕ್ಕ. ಅಂದರೆ ನಿಮ್ಮ ಊರಿನ ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯ ಇದೆ, ಅವಧಿ ಮಾತ್ರ ಉತ್ಪ್ರೇಕ್ಷೆ.

ಈಗ ನೀವು ಬರೆದ ಒಂದು ಸಾಲು ನೋಡಿ: 'ಗಾಜಿನ ಬಾಗಿಲಿನ ಶೋಕೇಸ್.' ನಿಮ್ಮ ಪಿಎಸ್4 ಸತ್ತಿದ್ದು ಬಹುಶಃ ಅಲ್ಲೇ. ಬೇಸಿಗೆಯಲ್ಲಿ ದಾವಣಗೆರೆಯ ಹಾಲ್ ಸಂಜೆಗೂ 34-35 ಡಿಗ್ರಿ ಇರುತ್ತೆ ಅಂತಿಟ್ಟುಕೊಳ್ಳಿ, ಬಾಗಿಲು ಮುಚ್ಚಿದ ಶೋಕೇಸ್ ಒಳಗೆ ಅದು ಬಿಟ್ಟ ಬಿಸಿ ಗಾಳಿಯನ್ನೇ ಅದು ಮತ್ತೆ ಎಳೆದುಕೊಂಡು, ಮತ್ತೆ ಬಿಟ್ಟು, ಮತ್ತೆ ಎಳೆದುಕೊಂಡು, ಅರ್ಧ ಗಂಟೆಯಲ್ಲಿ ಒಳಗಿನ ಗಾಳಿಯೇ ಕೈ ಇಡಲು ಆಗದಷ್ಟು ಕಾಯುತ್ತದೆ. ಆ ಜಾಗದಲ್ಲಿ ಪಿಎಸ್5 ಇಟ್ಟರೂ, ಪಿಸಿ ಇಟ್ಟರೂ, ಸ್ಟೀಮ್ ಮಷೀನ್ ಇಟ್ಟರೂ ಗತಿ ಅದೇ. ಆದ್ದರಿಂದ ಏನೇ ತಗೊಂಡರೂ ಮೊದಲ ಖರ್ಚು ಬಡಗಿಗೆ. ಬಾಗಿಲು ತೆಗೆಸಿ, ಹಿಂದಿನ ಪ್ಲೈವುಡ್ ಕತ್ತರಿಸಿ, ಮೇಲೆ ಮತ್ತು ಪಕ್ಕದಲ್ಲಿ ಒಂದು ಗೇಣು ಜಾಗ ಬಿಡಿಸಿ. ಇಲ್ಲಾಂದ್ರೆ ಶೋಕೇಸ್ ಮೇಲೆಯೇ ಇಡಿ.

ಅಂದ ಹಾಗೆ, ಆ ಪಿಎಸ್4 ಎಸೆಯಬೇಡಿ. ಆಡುತ್ತಾ ಆಫ್ ಆಗುವುದು ಎಷ್ಟೋ ಸಲ ಧೂಳು ಕಟ್ಟಿ, ಥರ್ಮಲ್ ಪೇಸ್ಟ್ ಒಣಗಿ ಆಗುತ್ತದೆ. ಈಗ ಆನ್ ಆಗದೇ ಇರುವುದು ಪವರ್ ಸಪ್ಲೈ ಇರಬಹುದು, ಅದು ಬದಲಾಯಿಸಬಹುದಾದ ಭಾಗ. ಒಮ್ಮೆ ಬಿಚ್ಚಿಸಿ ನೋಡಿಸಿ. ಬೋರ್ಡ್ ಹೋಗಿದೆ ಅಂದರೆ ಬಿಟ್ಟುಬಿಡಿ, ಅದಕ್ಕೆ ದುಡ್ಡು ಸುರಿಯುವುದರಲ್ಲಿ ಅರ್ಥ ಇಲ್ಲ.

ಧೂಳಿನ ವಿಷಯಕ್ಕೆ ಒಂದು ಮಾತು. ಇದು ಯಾವ ವಿದೇಶಿ ರಿವ್ಯೂನಲ್ಲೂ ಸಿಗುವುದಿಲ್ಲ. ಬೆಡ್‌ರೂಮಿನ ಟೇಬಲ್ ಮೇಲಿದ್ದ ಪಿಸಿಯ ಧೂಳು ಒಣಗಿರುತ್ತದೆ, ಬ್ಲೋವರ್ ಹಿಡಿದರೆ ಹಾರಿಹೋಗುತ್ತದೆ. ಹಾಲ್‌ನಲ್ಲಿದ್ದ ಪಿಸಿಯದು ಹಾಗಲ್ಲ. ಇತ್ತೀಚೆಗೆ ಒಂದು ಪುಟ್ಟ ಪೆಟ್ಟಿಗೆ ರಿಪೇರಿಗೆ ಬಂದಿತ್ತು. ಪಕ್ಕದ ತಗಡು ತೆಗೆದರೆ ಕಾರ್ಡಿನ ಫ್ಯಾನ್ ರೆಕ್ಕೆಗಳ ಅಂಚಿನಲ್ಲಿ ಕಂದು ಬಣ್ಣದ ಅಂಟು, ಉಗುರಿನಿಂದ ಕೆರೆದರೆ ಮೇಣದ ಹಾಗೆ ಸುರುಳಿ ಬಂತು. ಮೂಸಿದರೆ ಊದುಬತ್ತಿ ವಾಸನೆ. ದೇವರ ಮನೆ ಹಾಲ್‌ಗೇ ಅಂಟಿಕೊಂಡಿತ್ತಂತೆ, ಅಡುಗೆ ಮನೆಗೂ ಬಾಗಿಲಿಲ್ಲ. ಊದುಬತ್ತಿ ಹೊಗೆ, ಒಗ್ಗರಣೆ ಎಣ್ಣೆ, ರಸ್ತೆ ಧೂಳು ಮೂರೂ ಸೇರಿ ಹೀಟ್‌ಸಿಂಕ್ ಸಂದುಗಳನ್ನು ಪೂರ್ತಿ ಮುಚ್ಚಿದ್ದವು. ಬ್ಲೋವರ್‌ಗೆ ಜಗ್ಗಲಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಬೇಕಾಯಿತು. ದೊಡ್ಡ ಕ್ಯಾಬಿನೆಟ್‌ನಲ್ಲಿ ಇಂಥ ಕೊಳೆ ಇದ್ದರೂ ಒಂದೆರಡು ವರ್ಷ ತಳ್ಳಿಬಿಡುತ್ತದೆ, ಒಳಗೆ ಗಾಳಿ ಓಡಾಡಲು ಜಾಗ ಇರುತ್ತಲ್ಲ. ಚಿಕ್ಕದರಲ್ಲಿ ಆ ರಿಯಾಯಿತಿ ಇಲ್ಲ. ಆರು ತಿಂಗಳಿಗೊಮ್ಮೆ ಬಿಚ್ಚಲೇಬೇಕು. ಬಿಚ್ಚುವುದೂ ಸುಲಭ ಅಲ್ಲ. ಒಂದು ಕೇಬಲ್ ತೆಗೆಯಲು ಮೂರು ಕೇಬಲ್ ಸರಿಸಬೇಕು.

ಚಿಕ್ಕದು ಅನ್ನುವುದಕ್ಕೇ ನೀವು ಬೇರೆ ದುಡ್ಡು ಕೊಡ್ತೀರಿ, ಅದು ಗೊತ್ತಿರಲಿ. ಶೂ ಬಾಕ್ಸ್ ಕ್ಯಾಬಿನೆಟ್‌ಗೆ ಮಿನಿ ಐಟಿಎಕ್ಸ್ ಅನ್ನುವ ಚಿಕ್ಕ ಮದರ್‌ಬೋರ್ಡ್ ಬೇಕು, 17 ಸೆಂಟಿಮೀಟರ್ ಚೌಕ. ಅದೇ ಚಿಪ್‌ಸೆಟ್‌ನ, ಅಳತೆಯಲ್ಲಿ ಸ್ವಲ್ಪ ದೊಡ್ಡದಾದ ಮೈಕ್ರೋ ಎಟಿಎಕ್ಸ್ ಬೋರ್ಡ್‌ಗಿಂತ ಸಾಮಾನ್ಯವಾಗಿ ಐದಾರು ಸಾವಿರ ಜಾಸ್ತಿ, ಅದೂ ರ‍್ಯಾಮ್ ಸ್ಲಾಟ್ ಎರಡೇ. ಪವರ್ ಸಪ್ಲೈ ಎಸ್ಎಫ್ಎಕ್ಸ್ ಅನ್ನುವ ಚಿಕ್ಕ ಅಳತೆಯದು, ಅದಕ್ಕೂ ಮೂರ‍್ನಾಲ್ಕು ಸಾವಿರ ಮೇಲೆ. ಕ್ಯಾಬಿನೆಟ್ಟೂ ದುಬಾರಿ. ಎಲ್ಲ ಸೇರಿ 10ರಿಂದ 15 ಸಾವಿರ ಬರೀ ಗಾತ್ರಕ್ಕೆ ಹೋಗುತ್ತದೆ. ದುಡ್ಡಿಗಿಂತ ದೊಡ್ಡ ತಲೆನೋವು ಮುಂದೆ ಇದೆ. ಮಾಮೂಲಿ ಎಟಿಎಕ್ಸ್ ಪವರ್ ಸಪ್ಲೈ ಕೆಟ್ಟರೆ ದಾವಣಗೆರೆಯಲ್ಲೇ ಅದೇ ದಿನ ಇನ್ನೊಂದು ಸಿಗುತ್ತದೆ. ಎಸ್ಎಫ್ಎಕ್ಸ್ ಕೆಟ್ಟರೆ ಬೆಂಗಳೂರಿನಿಂದಲೋ ಆನ್‌ಲೈನ್‌ನಿಂದಲೋ ತರಿಸಬೇಕು. ಅಷ್ಟು ದಿನ ಪೆಟ್ಟಿಗೆ ಸುಮ್ನೆ ಕೂತಿರುತ್ತದೆ. ಬೆಂಗಳೂರಿನಲ್ಲಿ ಕೂತು ಸಲಹೆ ಕೊಡುವ ಭಾಮೈದನಿಗೆ ಇದು ಹೊಳೆಯುವುದಿಲ್ಲ, ಅವರಿಗೆ ಮೆಟ್ರೋ ಹತ್ತಿದರೆ ಎಸ್‌ಪಿ ರೋಡ್ ಸಿಕ್ಕಿಬಿಡುತ್ತದೆ!

'ಕನ್ಸೋಲ್ ಥರಾನೇ ಇರುತ್ತೆ' ಅನ್ನುವ ಮಾತಿದೆಯಲ್ಲ, ಇದನ್ನೇ ನಾನು ಎಲ್ಲಕ್ಕಿಂತ ಜಾಸ್ತಿ ಅಲ್ಲಗಳೆಯುವುದು. ಶಕ್ತಿಯಲ್ಲಿ ಇರಬಹುದು, ನಡತೆಯಲ್ಲಿ ಇಲ್ಲ. ಪಿಎಸ್5ನಲ್ಲಿ ಕಂಟ್ರೋಲರ್‌ನ ಬಟನ್ ಒತ್ತಿದರೆ ಅದು ಎದ್ದು, ಎಚ್‌ಡಿಎಂಐ ತಂತಿಯಲ್ಲೇ ಟಿವಿಗೂ ಹೇಳಿ, ಟಿವಿ ಆನ್ ಆಗಿ ಸರಿಯಾದ ಇನ್‌ಪುಟ್‌ಗೆ ಬಂದು ನಿಲ್ಲುತ್ತದೆ. ಮಾಮೂಲಿ ಗ್ರಾಫಿಕ್ಸ್ ಕಾರ್ಡ್‌ಗಳು ಟಿವಿಗೆ ಹೀಗೆ ಹೇಳುವುದಿಲ್ಲ. ಪಿಸಿಯನ್ನು ಎದ್ದು ಹೋಗಿ ಆನ್ ಮಾಡಬೇಕು, ಟಿವಿ ರಿಮೋಟ್ ಬೇರೆ, ವಿಂಡೋಸ್ ಪಿನ್ ಕೇಳುತ್ತೆ, ಅದಕ್ಕೆ ಕೀಬೋರ್ಡ್. ಆಮೇಲೆ ಗೇಮ್ ಕೊಂಡು ತೆರೆಯುವ ಸ್ಟೀಮ್ ಅನ್ನುವ ಸಾಫ್ಟ್‌ವೇರ್, ಅದರ ಮೇಲೆ ಎಫ್‌ಸಿ ಮಾಡುವ ಇಎ ಕಂಪನಿಯ ಲಾಂಚರ್, ಅದರ ಅಪ್‌ಡೇಟ್. ಭಾನುವಾರ ನಿಮ್ಮ ಮಗನ ನಾಲ್ಕು ಜನ ಸ್ನೇಹಿತರು ಕಂಟ್ರೋಲರ್ ಹಿಡಿದು ಕೂತಿರುವಾಗ ವಿಂಡೋಸ್ 'ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ' ಅಂತ ತೋರಿಸುತ್ತೆ. ಗೇಮ್ ಮಧ್ಯೆ ಒಂದು ಚಿಕ್ಕ ಕಿಟಕಿ ಹಿಂದುಗಡೆ ತೆರೆದುಕೊಂಡು ಕಂಟ್ರೋಲರ್ ಕೆಲಸ ನಿಲ್ಲಿಸಿದರೆ ಸೋಫಾ ಕೆಳಗೆ ಬಿದ್ದ ಮೌಸ್ ಹುಡುಕಬೇಕು. ಕಂಟ್ರೋಲರ್‌ನಲ್ಲೇ ನಡೆಸಬಹುದಾದ ಸ್ಟೀಮ್‌ನ ಬಿಗ್ ಪಿಕ್ಚರ್ ಮೋಡ್ ಹಾಕಿದರೆ, ಪಿನ್ ತೆಗೆದರೆ ಇದರಲ್ಲಿ ಅರ್ಧ ಕಿರಿಕಿರಿ ಕಡಿಮೆ ಆಗುತ್ತದೆ. ಪೂರ್ತಿ ಹೋಗುವುದಿಲ್ಲ. ಇದೆಲ್ಲ ಸರಿಮಾಡುತ್ತಾ ಕೂರುವುದರಲ್ಲೇ ಮಜಾ ಕಾಣುವವರಿದ್ದಾರೆ, ನಾನೂ ಅದೇ ಜಾತಿ. ನೀವು ಊಟ ಆದ ಮೇಲೆ ಸ್ವಲ್ಪ ಹೊತ್ತು ಆಡುವವರು. ಆ ಹೊತ್ತಿನಲ್ಲಿ ಕಾಲು ಭಾಗ ಇದಕ್ಕೇ ಹೋದರೆ ಬೇಜಾರಾಗುತ್ತೆ, ಅಲ್ವಾ?

ಚಿತ್ರದ ಗುಣಮಟ್ಟ ಹೇಗೆ? ಆರ್‌ಟಿಎಕ್ಸ್ 5060 ಪಿಎಸ್5ಗಿಂತ ಶಕ್ತಿವಂತ ಕಾರ್ಡೇ. ಆದರೆ ಅದರಲ್ಲಿ 8 ಜಿಬಿ ಮೆಮೊರಿ ಮಾತ್ರ. 4ಕೆ ಟಿವಿಗೆ ಹಾಕಿ ಎಲ್ಲ ಸೆಟ್ಟಿಂಗ್ ಮೇಲಕ್ಕೆ ಎಳೆದರೆ ಹೊಸ ಗೇಮ್‌ಗಳಲ್ಲಿ ಆ 8 ಜಿಬಿ ಸಾಲದೆ ಆಟ ತಡವರಿಸುತ್ತದೆ. ಡಿಎಲ್ಎಸ್ಎಸ್ ಅನ್ನುವ ಸೌಲಭ್ಯ ಇದೆ. ಗೇಮನ್ನು ಕಡಿಮೆ ರೆಸಲ್ಯೂಷನ್‌ನಲ್ಲಿ ಓಡಿಸಿ 4ಕೆಗೆ ಹಿಗ್ಗಿಸುತ್ತದೆ. ಎಂಟು ಹತ್ತು ಅಡಿ ದೂರದ ಸೋಫಾದಿಂದ ನೋಡಿದರೆ ವ್ಯತ್ಯಾಸ ಹುಡುಕುವುದು ಕಷ್ಟ. ಟಿವಿ 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುವುದರಿಂದ, ಗೇಮನ್ನೂ 60 ಫ್ರೇಮ್‌ಗೆ ಕಟ್ಟಿಹಾಕಿ. ಅದಕ್ಕಿಂತ ಮೇಲೆ ಓಡಿಸಿದ್ದು ನಿಮ್ಮ ಪರದೆ ಮೇಲೆ ಕಾಣುವುದೇ ಇಲ್ಲ, ಬರೀ ಕರೆಂಟು, ಬಿಸಿ, ಸದ್ದು. ಕಾರ್ಡ್ ಎಳೆಯುವ ಕರೆಂಟಿನ ಮಿತಿಯನ್ನು (ಪವರ್ ಲಿಮಿಟ್) 80-85 ಪರ್ಸೆಂಟ್‌ಗೆ ಇಳಿಸಿದರೂ ವೇಗ ತುಸು ಮಾತ್ರ ಕಮ್ಮಿ ಆಗುತ್ತೆ, ಫ್ಯಾನ್ ಸದ್ದು ಕಿವಿಗೇ ಗೊತ್ತಾಗುವಷ್ಟು ಇಳಿಯುತ್ತೆ. ನಿಮ್ಮ ಮನೆಯವರ ಸದ್ದಿನ ದೂರಿಗೆ ಅರ್ಧ ಉತ್ತರ ಇದೇ. ಇನ್ನರ್ಧ ಸೀಲಿಂಗ್ ಫ್ಯಾನ್. ಅದು ತಿರುಗುವಾಗ ಪಿಸಿ ಸದ್ದು ಯಾರಿಗೂ ಕೇಳಿಸಲ್ಲ, ಡಿಸೆಂಬರ್ ರಾತ್ರಿ ಫ್ಯಾನ್ ಆಫ್ ಮಾಡಿದಾಗಲೇ ಗೊತ್ತಾಗೋದು. ಲೈಟುಗಳನ್ನು ಸಾಫ್ಟ್‌ವೇರ್‌ನಲ್ಲೇ ಆರಿಸಬಹುದು, ಇಲ್ಲವೇ ಲೈಟಿಲ್ಲದ ಭಾಗಗಳನ್ನೇ ಕೇಳಿ, ಅವು ಅಗ್ಗವೂ ಹೌದು.

ಪಿಸಿಯನ್ನೋ ಕನ್ಸೋಲನ್ನೋ ಟಿವಿಗೆ ಜೋಡಿಸಿದ ದಿನವೇ ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡಿ. ಬಟನ್ ಒತ್ತಿದ್ದಕ್ಕೂ ಆಟಗಾರ ಒದ್ದದ್ದಕ್ಕೂ ನಡುವೆ ಎಳೆದ ಹಾಗೆ ಅನ್ನಿಸಿದರೆ ತಪ್ಪು ಗೇಮಿನದಲ್ಲ, ಟಿವಿ ಚಿತ್ರವನ್ನು ಚಂದ ಮಾಡುತ್ತಾ ಕೂತಿರುತ್ತದೆ, ಅದರಿಂದ. ಪಿಸಿ ಆದರೆ ಆ ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನು 'ಪಿಸಿ' ಅಂತ ಬದಲಾಯಿಸಿ. ಎಷ್ಟೋ ಟಿವಿಗಳಲ್ಲಿ ಹೀಗೆ ಮಾಡಿದ ಮೇಲೇ ಅಕ್ಷರಗಳು ಚೂಪಾಗಿ ಕಾಣುವುದು.

ಸ್ಟೀಮ್ ಮಷೀನ್‌ಗೆ ಕಾಯಬೇಕಾ ಅಂತ ಕೇಳಿದಿರಿ. ವಾಲ್ವ್ ಕಂಪನಿ 2025ರ ನವೆಂಬರ್‌ನಲ್ಲಿ ಘೋಷಿಸಿದ ಪೆಟ್ಟಿಗೆ ಅದು. ಸುಮಾರು 16 ಸೆಂಟಿಮೀಟರ್ ಘನ, ಎಎಂಡಿಯ 6 ಕೋರ್ ಪ್ರೊಸೆಸರ್, 16 ಜಿಬಿ ರ‍್ಯಾಮ್, ಗ್ರಾಫಿಕ್ಸ್‌ಗೆ 8 ಜಿಬಿ. ಪವರ್ ಸಪ್ಲೈ ಕೂಡ ಒಳಗೇ. ಕಂಟ್ರೋಲರ್‌ನಿಂದಲೇ ಟಿವಿ ಎಬ್ಬಿಸುವ ವ್ಯವಸ್ಥೆಯೂ ಇದೆ. ಹಾಲ್‌ಗೆ ಅಂತಲೇ ಯೋಚಿಸಿ ಮಾಡಿದ್ದು, ಎಂಜಿನಿಯರಿಂಗ್ ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಆದರೆ ನಿಮಗೆ ಬೇಡ, ಎರಡು ಕಾರಣಕ್ಕೆ. ಒಂದು, ಘೋಷಣೆಯಲ್ಲಿ ಹೇಳಿದ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಇದೇ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ 2022ರಲ್ಲಿ ಬಂದಿದ್ದು, ಅದನ್ನೂ ಇಲ್ಲಿ ಅಧಿಕೃತವಾಗಿ ಮಾರಲಿಲ್ಲ. ಹೊರಗಿನಿಂದ ತಂದು ಮಾರುವವರು ಹೇಳಿದ್ದೇ ರೇಟು, ವಾರಂಟಿ ಅವರ ಬಾಯಿಮಾತು. ಎರಡನೆಯದು ಇನ್ನೂ ಮುಖ್ಯ. ಅದು ಓಡುವುದು ವಿಂಡೋಸ್ ಮೇಲಲ್ಲ, ಲಿನಕ್ಸ್ ಆಧಾರದ ಸ್ಟೀಮ್ಓಎಸ್ ಮೇಲೆ. ಸಾವಿರಾರು ಗೇಮ್‌ಗಳು ಅದರಲ್ಲಿ ಚೆನ್ನಾಗಿ ನಡೆಯುತ್ತವೆ, ಆದರೆ ಇಎ ಕಂಪನಿ ಮೋಸದಾಟ ತಡೆಯಲು ಹಾಕಿರುವ ಸಾಫ್ಟ್‌ವೇರ್‌ನಿಂದಾಗಿ ಎಫ್‌ಸಿಯ ಇತ್ತೀಚಿನ ಆವೃತ್ತಿಗಳು ಅದರಲ್ಲಿ ಓಡುವುದಿಲ್ಲ. ವ್ಯಾಲರಂಟ್, ಫೋರ್ಟ್‌ನೈಟ್ ಕೂಡ ಹಾಗೇ. 2024ರ ಸೆಪ್ಟೆಂಬರ್‌ನಿಂದ ಜಿಟಿಎ ಆನ್‌ಲೈನ್ ಕೂಡ. ನಿಮ್ಮ ಮಗನಿಗೆ ಎಫ್‌ಸಿ ಬೇಕು. ಅಲ್ಲಿಗೆ ಮಾತು ಮುಗಿಯಿತು.

ಬೆಲೆ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಒಂದು ವರ್ಷದ ಹಿಂದೆ ನಿಮಗೆ ಸಿಕ್ಕಿರುವಂಥ ಪಿಸಿಗೆ 1,24,000 ಅಂದಿದ್ದರೆ ಅಂಗಡಿಯವರ ಜೊತೆ ಜಗಳ ಆಡಿ ಅಂತಿದ್ದೆ. ಈಗ ಹಾಗನ್ನಲಾರೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಎರಡು ಮೂರು ಪಟ್ಟು ಏರಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನೆಲ್ಲ ಬಾಚಿಕೊಳ್ಳುತ್ತಿವೆ. ಮೈಕ್ರಾನ್ ಕಂಪನಿ ನಮಗೆಲ್ಲ ಗೊತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುತ್ತೇವೆ ಅಂತ 2025ರ ಡಿಸೆಂಬರ್‌ನಲ್ಲಿ ಹೇಳಿತು. ಎಸ್ಎಸ್‌ಡಿಯೂ ಅದೇ ದಾರಿ ಹಿಡಿದಿದೆ. ಅಂದರೆ ಬಿಡಿ ಭಾಗ ಕೊಂಡು ಪಿಸಿ ಕಟ್ಟಿಸಲು ಇದು ಕೆಟ್ಟ ಸಮಯ. ಸಾಲದ್ದಕ್ಕೆ ಆ 1,24,000ದಲ್ಲಿ ಬಹುಶಃ ವಿಂಡೋಸ್ ಲೈಸೆನ್ಸ್ ಸೇರಿಲ್ಲ, ಎರಡು ಕಂಟ್ರೋಲರ್ ಸೇರಿಲ್ಲ, ವೈರ್‌ಲೆಸ್ ಕೀಬೋರ್ಡ್ ಸೇರಿಲ್ಲ, ಯುಪಿಎಸ್ ಸೇರಿಲ್ಲ. ಕೇಳಿ ನೋಡಿ. 'ವಿಂಡೋಸ್ ನಾವೇ ಹಾಕಿಕೊಡ್ತೀವಿ' ಅಂದರೆ ಅದು ಬಹುಶಃ ಲೈಸೆನ್ಸ್ ಇಲ್ಲದ ಕಾಪಿ ಅಂತ ಅರ್ಥ ಮಾಡಿಕೊಳ್ಳಿ.

ಈಗ ಮಗಳ ವಿಷಯ. 'ಓದಿಗೂ ಆಗುತ್ತೆ' ಅನ್ನುವ ಒಂದೇ ಮಾತಿನ ಮೇಲೆ ಈ ಖರ್ಚು ನಿಂತಿದೆ, ಆ ಮಾತೇ ನಿಲ್ಲುವುದಿಲ್ಲ. ಹಾಲ್‌ನಲ್ಲಿ 55 ಇಂಚಿನ ಟಿವಿಗೆ ಜೋಡಿಸಿದ ಕಂಪ್ಯೂಟರ್‌ನಲ್ಲಿ ಯಾರೂ ಓದುವುದಿಲ್ಲ. ಸಂಜೆ ಏಳರಿಂದ ಹತ್ತರವರೆಗೆ ಅದರ ಮೇಲೆ ಧಾರಾವಾಹಿ, ನ್ಯೂಸ್, ಐಪಿಎಲ್. ಆಮೇಲೆ ನಿಮ್ಮ ಜಿಟಿಎ. ಭಾನುವಾರ ಮಗ. ಆ ಹುಡುಗಿ ಕೋಡಿಂಗ್ ಅಸೈನ್‌ಮೆಂಟ್ ಮಾಡುವುದು ಯಾವಾಗ, ಸೋಫಾದಲ್ಲಿ ಕೂತು ತೊಡೆ ಮೇಲೆ ಕೀಬೋರ್ಡ್ ಇಟ್ಟುಕೊಂಡು, ಮನೆಯವರೆಲ್ಲ ಓಡಾಡುವಾಗ? ಇನ್ನೊಂದು: ಎಂಜಿನಿಯರಿಂಗ್ ಸೀಟು ದಾವಣಗೆರೆಯಲ್ಲೇ ಸಿಗುತ್ತೆ ಅಂತ ಯಾರು ಹೇಳಿದ್ದು? ಬೆಂಗಳೂರೋ ಮೈಸೂರೋ ಹುಬ್ಬಳ್ಳಿಯೋ ಆಗಿ ಹಾಸ್ಟೆಲ್ ಸೇರಿದರೆ ಆ ಪೆಟ್ಟಿಗೆ ಅವಳ ಜೊತೆ ಹೋಗುವುದಿಲ್ಲ. ಆಗ ಲ್ಯಾಪ್‌ಟಾಪ್ ಕೊಡಿಸಲೇಬೇಕು. ಅಂದರೆ ಉಳಿತಾಯ ಅಂದುಕೊಂಡದ್ದು ಎರಡನೇ ಖರ್ಚಾಗಿ ಬರುತ್ತದೆ. ಇಂಥ 'ಒಂದೇ ಕಲ್ಲಿಗೆ ಎರಡು ಹಕ್ಕಿ' ಪಿಸಿಗಳನ್ನು ಕಟ್ಟಿಸಿಕೊಂಡು ಹೋದವರಲ್ಲಿ ಸುಮಾರು ಜನ ಮತ್ತೆ ಬಂದು ಲ್ಯಾಪ್‌ಟಾಪ್ ವಿಚಾರಿಸಿದ್ದಾರೆ.

ಹಾಗಾದರೆ ಏನು ಮಾಡೋದು? ನಾನು ನಿಮ್ಮ ಜಾಗದಲ್ಲಿದ್ದರೆ ಡಿಸ್ಕ್ ಹಾಕುವ ಪಿಎಸ್5 ತಗೊಂಡು, ಮಗಳಿಗೆ ಸೀಟು ಸಿಕ್ಕಿ ಬ್ರಾಂಚ್ ಗೊತ್ತಾದ ಮೇಲೆ ಮಾಮೂಲಿ ಲ್ಯಾಪ್‌ಟಾಪ್ ಕೊಡಿಸುತ್ತಿದ್ದೆ. ಪಿಎಸ್5 ಸ್ಲಿಮ್ 2024ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದಾಗ ಡಿಸ್ಕ್ ಮಾಡೆಲ್‌ಗೆ 54,990 ರೂಪಾಯಿ ಇತ್ತು. ಈಗಿನ ರೇಟು ಅಂಗಡಿಯಲ್ಲಿ ವಿಚಾರಿಸಿಕೊಳ್ಳಿ. ಎರಡೂ ಸೇರಿ ಆ ಪುಟ್ಟ ಪಿಸಿಯ ಪೂರ್ತಿ ಖರ್ಚಿನ ಆಸುಪಾಸಿಗೇ ಬರುತ್ತದೆ. ಡಿಸ್ಕ್ ಮಾಡೆಲ್ಲೇ ಯಾಕೆ ಅಂದ್ರೆ ನಿಮ್ಮ ಹಳೇ ಪಿಎಸ್4 ಡಿಸ್ಕ್‌ಗಳು ಬಹುತೇಕ ಎಲ್ಲ ಅದರಲ್ಲಿ ಓಡುತ್ತವೆ. ಜಿಟಿಎ ಡಿಸ್ಕ್ ಇದ್ದರೆ ಮತ್ತೆ ಕೊಳ್ಳಬೇಕಿಲ್ಲ. ಹೊಸ ಗೇಮ್ ಒಂದಕ್ಕೆ ಐದು ಸಾವಿರದವರೆಗೂ ಹೇಳ್ತಾರೆ, ಅಷ್ಟು ಕೊಟ್ಟು ಯಾಕೆ ಕೊಳ್ಳಬೇಕು, ಸೆಕೆಂಡ್ ಹ್ಯಾಂಡ್ ಡಿಸ್ಕ್ ಸಿಗುತ್ತೆ, ಆಡಿ ಮುಗಿದ ಮೇಲೆ ಮಾರಬಹುದು, ಸ್ನೇಹಿತರ ಹತ್ತಿರ ಅದಲುಬದಲು ಮಾಡಬಹುದು. ಇದರ ತೊಂದರೆಯನ್ನೂ ಹೇಳ್ತೀನಿ. ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಆಡಲು ಹೆಚ್ಚಿನ ಗೇಮ್‌ಗಳಿಗೆ ಪಿಎಸ್ ಪ್ಲಸ್ ಚಂದಾ ಕಟ್ಟಬೇಕು. ಹಳೇ ಪಿಎಸ್4 ಕಂಟ್ರೋಲರ್ ಪಿಎಸ್4 ಗೇಮ್‌ಗಳಿಗೆ ಮಾತ್ರ ಆಗುತ್ತೆ, ಪಿಎಸ್5 ಗೇಮ್‌ಗೆ ಆಗಲ್ಲ. ಪಿಸಿಯಲ್ಲಿ ಆನ್‌ಲೈನ್ ಚಂದಾ ಇಲ್ಲ, ಸೇಲ್‌ನಲ್ಲಿ ಗೇಮ್‌ಗಳು ಮಣ್ಣಿನ ಬೆಲೆಗೆ ಸಿಗುತ್ತವೆ, ಎಪಿಕ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ವಾರಕ್ಕೊಂದು ಪುಕ್ಕಟೆ. ವರ್ಷಕ್ಕೆ ಹತ್ತಿಪ್ಪತ್ತು ಗೇಮ್ ಆಡುವವರಿಗೆ ಪಿಸಿ ಅಗ್ಗ. ವರ್ಷಕ್ಕೆ ಎರಡು ಮೂರು ಆಡುವ ನಿಮ್ಮಂಥವರಿಗೆ ಆ ಲೆಕ್ಕ ಕೂಡುವುದಿಲ್ಲ. ಜಿಟಿಎ 6 ಕಾಯುತ್ತಿದ್ದೀರಾದರೆ, ಅದನ್ನೂ ಸದ್ಯಕ್ಕೆ ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ ಘೋಷಿಸಿದ್ದಾರೆ. ಜಿಟಿಎ 5 ಕನ್ಸೋಲ್‌ಗೆ 2013ರಲ್ಲಿ ಬಂದರೆ ಪಿಸಿಗೆ ಬಂದಿದ್ದು 2015ರಲ್ಲಿ. (ಮಗ ಮಲಗಿದ ಮೇಲೆ ಆಡಿ, ಅದು 18 ದಾಟಿದವರ ಆಟ.)

ಎರಡನೇ ದಾರಿ ಗೇಮಿಂಗ್ ಲ್ಯಾಪ್‌ಟಾಪ್. ಮಗಳು ಮೆಕ್ಯಾನಿಕಲ್, ಆರ್ಕಿಟೆಕ್ಚರ್ ಅಥವಾ ಎಐ ಕಡೆ ಹೋದರೆ ಅವಳಿಗೇ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್ ಬೇಕಾಗಬಹುದು. ರಜೆಯಲ್ಲಿ ಮನೆಗೆ ಬಂದಾಗ ಎಚ್‌ಡಿಎಂಐ ತಂತಿ ಹಾಕಿ ಟಿವಿಯಲ್ಲಿ ಆಡಬಹುದು. ಕರೆಂಟ್ ಹೋದರೂ ಬ್ಯಾಟರಿ ಇರುವುದರಿಂದ ದಢಕ್ಕನೆ ಆಫ್ ಆಗುವುದಿಲ್ಲ. ಆದರೆ ಆಡುವಾಗ ಇದರ ಸದ್ದು ಪುಟ್ಟ ಪಿಸಿಗಿಂತ ಜಾಸ್ತಿ, ಮುಚ್ಚಳ ಮುಚ್ಚಿ ಆಡಿದರೆ ಇನ್ನೂ ಬಿಸಿ. ತಮ್ಮನ ಕೈಗೆ ಅಕ್ಕನ ಲ್ಯಾಪ್‌ಟಾಪ್ ಕೊಡುವುದರ ರಾಜಕೀಯ ನಿಮಗೇ ಗೊತ್ತು.

ಮೂರನೆಯದು, ಇಷ್ಟೆಲ್ಲ ಕೇಳಿದ ಮೇಲೂ 'ಇಲ್ಲ ಸರ್, ನನಗೆ ಪಿಸಿನೇ ಬೇಕು' ಅಂದರೆ ಬೇಡ ಅನ್ನಲ್ಲ. ಆದರೆ ಮಿನಿ ಐಟಿಎಕ್ಸ್ ಬಿಟ್ಟು ಮೈಕ್ರೋ ಎಟಿಎಕ್ಸ್‌ಗೆ ಬನ್ನಿ. 25 ಲೀಟರ್ ಆಸುಪಾಸಿನ ಚಿಕ್ಕ ಕ್ಯಾಬಿನೆಟ್‌ಗಳಿವೆ, ಮಾಮೂಲಿ ಎಟಿಎಕ್ಸ್ ಪವರ್ ಸಪ್ಲೈ ಹಿಡಿಯುವಂಥವು, ಟಿವಿ ಪಕ್ಕ ನೆಲದ ಮೇಲೆ ಕಣ್ಣಿಗೆ ಬೀಳದ ಹಾಗೆ ನಿಲ್ಲುತ್ತವೆ. ಉಳಿದ ದುಡ್ಡನ್ನು 16 ಜಿಬಿಯ ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿ, ಆರ್‌ಎಕ್ಸ್ 9060 ಎಕ್ಸ್‌ಟಿ ಆಗಲಿ, ಆರ್‌ಟಿಎಕ್ಸ್ 5060 ಟಿಐ ಆಗಲಿ. 4ಕೆ ಟಿವಿಗೆ ಚಿಕ್ಕ ಡಬ್ಬಕ್ಕಿಂತ ಆ ಮೆಮೊರಿ ಜಾಸ್ತಿ ಉಪಯೋಗ. ಶೂ ಬಾಕ್ಸ್ ಪಿಸಿ ಯಾರಿಗೆ ಸರಿ ಅಂದ್ರೆ, ಬೆಂಗಳೂರಿನ ಒಂದು ರೂಮಿನ ಮನೆಯಲ್ಲಿ ಇರುವ, ಬೇರೆ ಮಾನಿಟರ್ ಇಲ್ಲದ, ಸ್ಟೀಮ್‌ನಲ್ಲಿ ಈಗಾಗಲೇ ನೂರಾರು ಗೇಮ್ ಇಟ್ಟುಕೊಂಡಿರುವ, ಸ್ಕ್ರೂಡ್ರೈವರ್ ಹಿಡಿಯಲು ಬೇಜಾರಿಲ್ಲದ ಹುಡುಗ ಹುಡುಗಿಯರಿಗೆ. ಅವರು ಕೇಳಿದರೆ ಕಣ್ಣು ಮುಚ್ಚಿ ತಗೊಳ್ಳಿ ಅಂತೀನಿ. ನಿಮ್ಮ ಭಾಮೈದ ಅಂಥವರೇ ಇರಬೇಕು ಅನ್ನಿಸುತ್ತೆ!

ಕರೆಂಟಿನ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳ್ತೀನಿ. ದಿನಕ್ಕೆ ಎರಡೂವರೆ ಗಂಟೆ ಆಡಿದರೆ ತಿಂಗಳಿಗೆ 75 ಗಂಟೆ. ಪಿಸಿಗೆ ಸುಮಾರು 20 ಯೂನಿಟ್, ಪಿಎಸ್5ಗೆ 15, ಟಿವಿಯದು ಬೇರೆ. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ದೊಡ್ಡ ಮೊತ್ತ ಅಲ್ಲ. ಆದರೆ ಗೃಹಜ್ಯೋತಿಯಲ್ಲಿ ಇದ್ದೀರಾದರೆ ನೋಡಿಕೊಳ್ಳಿ. ನಿಮ್ಮ ಸರಾಸರಿಯ ಮೇಲೆ 10 ಪರ್ಸೆಂಟ್ ತನಕ ಉಚಿತ, ಅದನ್ನು ದಾಟಿದ್ದಕ್ಕೆ ದುಡ್ಡು, ಒಟ್ಟು 200 ದಾಟಿದರೆ ಪೂರ್ತಿ ಬಿಲ್ ನಿಮ್ಮ ಮೇಲೆ. ಬೇಸಿಗೆಯಲ್ಲಿ ಕೂಲರ್ ಜೊತೆ ಸೇರಿ ಗೆರೆ ದಾಟಿಸುವುದು ಈ ಇಪ್ಪತ್ತೇ ಯೂನಿಟ್ ಆಗಿರಬಹುದು.

ಕರೆಂಟ್ ಹೋಗಿಬರುವ ಊರಲ್ಲಿ ಪಿಸಿಗೆ ಯುಪಿಎಸ್ ಬೇಕು. ಅಂಗಡಿಯಲ್ಲಿ ಮೊದಲು ತೋರಿಸುವ 600 ವಿಎ ಯುಪಿಎಸ್ 360 ವಾಟ್ ಮಾತ್ರ ಕೊಡುತ್ತದೆ, ಪಿಸಿ ಮತ್ತು ಟಿವಿ ಎರಡನ್ನೂ ಅದಕ್ಕೆ ಹಾಕಿದರೆ ಕರೆಂಟ್ ಹೋದ ಕ್ಷಣವೇ ಕುಯ್ಯೋ ಅಂತ ಅರಚಿ ಅದೂ ಆಫ್ ಆಗುತ್ತೆ. 1100 ವಿಎ ನೋಡಿ.

ಅದಕ್ಕಿಂತ ಮುಖ್ಯ ಅರ್ಥಿಂಗ್. ಎಲೆಕ್ಟ್ರಿಷಿಯನ್ ಕರೆಸಿ ಟಿವಿ ಹಿಂದಿನ ಸಾಕೆಟ್‌ನಲ್ಲಿ ಅರ್ಥ್ ನಿಜವಾಗಿ ಇದೆಯಾ ನೋಡಿಸಿ. ಹಳೇ ಮನೆಗಳಲ್ಲಿ ಮೂರನೇ ತೂತು ಇರುತ್ತೆ, ಒಳಗೆ ತಂತಿ ಇರಲ್ಲ. ಆಗ ಪಿಸಿಯ ಲೋಹದ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುತ್ತದೆ. ಜನ ಅದನ್ನು ಪಿಸಿ ಕೆಟ್ಟಿದೆ ಅಂತ ನನ್ನ ಹತ್ತಿರ ಹೊತ್ತು ತರ್ತಾರೆ, ಪಿಸಿ ಸರಿಯಾಗೇ ಇರುತ್ತದೆ. ಅರ್ಥ್ ಇಲ್ಲದ ಮನೆಯಲ್ಲಿ ಕೇಬಲ್ ಟಿವಿ ತಂತಿ ಮೂಲಕ ಸೆಟ್ ಟಾಪ್ ಬಾಕ್ಸ್, ಅಲ್ಲಿಂದ ಟಿವಿ, ಅಲ್ಲಿಂದ ಎಚ್‌ಡಿಎಂಐನಲ್ಲಿ ಪಿಸಿಗೋ ಪಿಎಸ್5ಗೋ ವೋಲ್ಟೇಜ್ ನುಗ್ಗಿ ಪೋರ್ಟ್ ಸುಡುವುದು ಸಾಮಾನ್ಯ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾಗುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಿ, ಕೇಬಲ್ ತಂತಿಯನ್ನೂ ಬಿಚ್ಚಿ.

ಕೊಳ್ಳುವಾಗ ಜಿಎಸ್‌ಟಿ ಬಿಲ್ ತಗೊಳ್ಳಿ. 'ಬಿಲ್ ಇಲ್ಲದೆ ಎರಡು ಸಾವಿರ ಕಮ್ಮಿ' ಅಂದರೆ ಒಪ್ಪಬೇಡಿ. ಪಿಎಸ್5 ಆದರೆ ಅದರ ಸೀರಿಯಲ್ ನಂಬರ್ ಬಿಲ್‌ನಲ್ಲಿ ಬರೆಸಿ, ಪೆಟ್ಟಿಗೆ ಮೇಲಿರುವ ನಂಬರ್ ಜೊತೆ ಅಂಗಡಿಯಲ್ಲೇ ಹೋಲಿಸಿ. ಪಿಸಿ ಆದರೆ ಬೋರ್ಡ್, ಕಾರ್ಡ್, ರ‍್ಯಾಮ್, ಎಸ್ಎಸ್‌ಡಿ, ಪವರ್ ಸಪ್ಲೈ ಒಂದೊಂದರ ನಂಬರೂ ಬೇಕು, ಯಾಕಂದ್ರೆ ಒಂದೊಂದಕ್ಕೂ ವಾರಂಟಿ ಬೇರೆ ಬೇರೆ. ಖಾಲಿ ಡಬ್ಬಗಳನ್ನೂ ಕೇಳಿ ತನ್ನಿ. ಅಟ್ಟದ ಮೇಲೆ ಇಟ್ಟುಕೊಳ್ಳಿ.